ರಾಯರಿಗೆ ಹಾಕಿದ ಮಣೆ

ಮರಕುಟಿಗರಾಯರ ಪೊಟರೆಯಲ್ಲಿ ಅಳಿಲಮ್ಮ ಬಾಡಿಗೆಗಿದ್ದಳು. ಸೂರು ಸೋರುತ್ತದೆಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ರಾಯರದು ಒಂದೇ ಮಾತು: "ನೋಡೋಣಮ್ಮ, ಮಾಡಿಸೋಣ."

ಒಂದು ಮಳೆಯ ಮಧ್ಯಾಹ್ನ ಅಳಿಲಮ್ಮ ರಾಯರನ್ನು ಊಟಕ್ಕೆ ಕರೆದು, ಸರಿಯಾಗಿ ಸೋರುವ ಜಾಗದಲ್ಲೇ ಮಣೆ ಹಾಕಿದಳು. "ಯಜಮಾನರು ನಡುಮನೆಯಲ್ಲೇ ಕೂತುಕೊಳ್ಳಬೇಕು."

ಮೊದಲ ತುತ್ತಿಗೇ ರಾಯರ ಕೆಂಪು ಜುಟ್ಟಿನ ಮೇಲೆ ನೀರು ತೊಟತೊಟ ಬಿತ್ತು.

"ಏನಮ್ಮಾ ಇದು, ಮನೆ ಸೋರುತ್ತಿದೆ!"

"ಅಯ್ಯೋ, ಹೌದೇ ರಾಯರೇ?" ಅಳಿಲಮ್ಮ ಪಾಯಸದ ಪಾತ್ರೆ ಹಿಡಿದುಕೊಂಡೇ ಕೇಳಿದಳು. "ಹಾಗಾದರೆ ಮನೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ."

ರಾಯರು ಎದ್ದು ಹೋಗಿ, ತೂತಿಗೆ ತೊಗಟೆ ಬಡಿದು, ಅಂಟು ಮೆತ್ತಿ ಬಂದು ಮತ್ತೆ ಅದೇ ಮಣೆಯ ಮೇಲೆ ಕೂತರು. ಅಳಿಲಮ್ಮ ನಗುತ್ತಾ ಬಡಿಸಿದಳು. ಪಾಯಸ ಇನ್ನೂ ಬಿಸಿಯಾಗಿಯೇ ಇತ್ತು.