ನದಿ ಓಗೊಡುತ್ತದೆ

“ಗುರುಗಳೇ, ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಜನ ನೋಡುವುದಿಲ್ಲ. ಅದಕ್ಕೊಂದು ಕತೆ ಸೇರಿಸಿದರೆ ನೋಡುತ್ತಾರೆ. ಆ ಕತೆಯಿಂದ ಯಾರಿಗೂ ಕೆಡುಕಿಲ್ಲ ಎಂದಾದರೆ, ಸೇರಿಸುವುದು ತಪ್ಪೇ?”

ಶಿಷ್ಯೆ ಈ ಪ್ರಶ್ನೆಯನ್ನು ಮೂರು ದಿನದಿಂದ ಒಳಗೇ ಇಟ್ಟುಕೊಂಡಿದ್ದಳು. ಪ್ರವಾಸಿಗರನ್ನು ಕರೆಯುವ ಜಾಹೀರಾತು ವಿಡಿಯೊಗಳಿಗೆ ಕತೆ ಬರೆಯುವುದು ಅವಳ ಕೆಲಸ. ಒಂದೂರಿನಲ್ಲಿ ಮದುವೆಯಾಗಿ ಹೊರಡುವ ಹೆಣ್ಣು ತವರಿನ ಅಡುಗೆಮನೆಯ ಗೋಡೆಗೆ ಅರಿಸಿನದ ಕೈ ಒತ್ತಿ ಹೋಗುವುದನ್ನು ಅವಳು ನೋಡಿ ಬಂದಿದ್ದಳು. ಅದಕ್ಕೊಂದು ಕತೆ ಬರೆದಿದ್ದಳು. ಕತೆಯಲ್ಲಿ ಮಗಳು ತೀರಿಹೋಗಿದ್ದಾಳೆ, ತಾಯಿ ದಿನವೂ ಸಂಜೆ ಆ ಕೈಗುರುತಿಗೆ ಕೆನ್ನೆಯಿಟ್ಟು ಕೂರುತ್ತಾಳೆ. ಆಫೀಸಿನಲ್ಲಿ ಓದಿದವರೆಲ್ಲ ಕಣ್ಣೊರೆಸಿಕೊಂಡಿದ್ದರು. ನಾಳೆ ಚಿತ್ರೀಕರಣ ಶುರುವಾಗಲಿತ್ತು. ಅವಳಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಗುರುಗಳು ಅವಳನ್ನು ಕೂರಿಸಿಕೊಂಡು ಹೇಳಿದರು:

ಒಬ್ಬ ಅಂಬಿಗನಿದ್ದ. ಅವನ ಬಳಿ ಒಂದು ಹರಿಗೋಲಿತ್ತು. ಮನೆ ನದಿಯ ಈಚೆ ದಡದಲ್ಲಿ. ಆಚೆ ದಡದಲ್ಲಿ ಒಂದು ಸಣ್ಣ ಊರು. ಜನರನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ದಾಟಿಸುವುದು ಅವನ ಕೆಲಸ.

ನದಿ ಅಲ್ಲಿ ಒಂದು ಗುಡ್ಡವನ್ನು ಬಳಸಿ ಬರುತ್ತಿತ್ತು. ಆಚೆ ದಡದಲ್ಲಿ ನಿಂತವನಿಗೆ ಮೇಲಿನಿಂದ ಬರುವ ನೀರು ಕಾಣುತ್ತಿರಲಿಲ್ಲ. ಈಚೆ ದಡದಲ್ಲಿ ಒಂದು ಬಂಡೆಯಿತ್ತು. ಅದರ ಮೇಲೆ ಕೂತವರಿಗೆ ಕಾಣುತ್ತಿತ್ತು. ಆದ್ದರಿಂದ ಅಂಬಿಗನ ಹೆಂಡತಿ ಆ ಬಂಡೆಯ ಮೇಲೆ ಕೂರುತ್ತಿದ್ದಳು. ಅವಳಿಗಿಂತ ಮುಂಚೆ ಅವಳ ಅತ್ತೆ ಕೂರುತ್ತಿದ್ದಳು.

ಅಂಬಿಗ ಆಚೆಯಿಂದ ಹೊರಡುವ ಮುಂಚೆ ‘ಓ’ ಎಂದು ಕೂಗುತ್ತಿದ್ದ. ನೀರು ನೆಟ್ಟಗಿದ್ದರೆ ಅವಳು ‘ಓ’ ಎಂದು ಓಗೊಡುತ್ತಿದ್ದಳು. ನೀರು ಏರುತ್ತಿದ್ದರೆ ಸುಮ್ಮನಿರುತ್ತಿದ್ದಳು. ಓಗೊಡದಿದ್ದರೆ ಅವನು ಹೊರಡುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತಿದ್ದ. ಅಷ್ಟು ದೂರಕ್ಕೆ ದನಿ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ‘ಬಾ’ ಎಂದರೂ ‘ಬೇಡ’ ಎಂದರೂ ಆಚೆಗೆ ಕೇಳುವುದು ಒಂದೇ. ಅದಕ್ಕೇ ಹಿಂದಿನವರು ಅಪಾಯಕ್ಕೆಂದು ಯಾವ ಕೂಗನ್ನೂ ಇಟ್ಟಿರಲಿಲ್ಲ.

ಒಂದು ಬೇಸಿಗೆಯಲ್ಲಿ ಜಾಹೀರಾತು ಮಾಡುವವನೊಬ್ಬ ಅಲ್ಲಿಗೆ ಬಂದ. ನಾಡಿನ ನಡಾವಳಿಗಳನ್ನು ನೋಡಲು ಪ್ರವಾಸಿಗರು ಬರಬೇಕು, ಅಂಥ ವಿಡಿಯೊ ಬೇಕು ಎಂದು ಅವನಿಗೆ ಹೇಳಿದ್ದರು. ಅವನು ಕೆಟ್ಟವನಲ್ಲ. ಸಂಜೆಯ ಹೊತ್ತು ನದಿಯ ಮೇಲೆ ಹೋಗಿ ಬರುವ ಆ ಎರಡು ಕೂಗುಗಳನ್ನು ಕೇಳಿ ಅವನ ಮೈ ಜುಮ್ಮೆಂದಿತು. ಅಂಬಿಗ ದಡಕ್ಕೆ ಬರುವುದನ್ನೇ ಕಾದು ಕೇಳಿದ.

“ಯಾಕೆ ಹಾಗೆ ಕೂಗ್ತೀರಿ?”

“ಬರ್ಲಾ ಅಂತ.”

“ಅಷ್ಟೇನಾ?”

“ಇನ್ನೇನ್ ಸಾರ್? ಸಾರಿಗೆ ಏನ್ ಹಾಕಿದೀಯ ಅಂತ ಅಲ್ಲಿಂದ ಕೇಳೋಕಾಗುತ್ತಾ?”

ಹೆಂಡತಿ ನಕ್ಕಳು. ಜಾಹೀರಾತಿನವನಿಗೆ ನಿರಾಸೆಯಾಯಿತು. ಇಷ್ಟು ದೊಡ್ಡ ಕೂಗಿನ ಹಿಂದೆ ಇಷ್ಟೇ ಇದ್ದರೆ ಅದನ್ನು ಯಾರು ನೋಡುತ್ತಾರೆ ಎಂದುಕೊಂಡ. ಅಂದು ರಾತ್ರಿ ಅವನೇ ಒಂದು ಕತೆ ಬರೆದ.

ಕತೆಯಲ್ಲಿ ಅಂಬಿಗ ಹೊಳೆಯ ಪಾಲಾಗಿದ್ದಾನೆ. ಅವನ ಹೆಂಡತಿ ದಿನವೂ ಬಂಡೆಯ ಮೇಲೆ ನಿಂತು ಕೂಗುತ್ತಾಳೆ. ನದಿಯೊಳಗಿಂದ ಅವನ ದನಿ ಓಗೊಡುತ್ತದೆ.

ಆ ಪಾತ್ರಕ್ಕೆ ಅಂಬಿಗನ ಹೆಂಡತಿಯನ್ನೇ ಕರೆದ. ಬಳೆ ತೆಗೆದು ನಿಲ್ಲಬೇಕು ಎಂದಾಗ ಅವಳು ಒಪ್ಪಲಿಲ್ಲ. “ಅಲ್ನೋಡಿ ಅಣ್ಣಾ, ಅವರು ಅಲ್ಲೇ ಮೀನು ಸುಡ್ತಾ ಕೂತಿದಾರೆ. ನಾನು ಹೆಂಗೆ ಬಳೆ ತೆಗೀಲಿ?” ಎಂದಳು. ಕೊನೆಗೆ ಕೈಗಳನ್ನು ಸೆರಗಿನೊಳಗೆ ಮುಚ್ಚಿ ನಿಲ್ಲಿಸಿದರು. ಅವಳು ನಾಚಿ ತಲೆ ತಗ್ಗಿಸಿದಳು. ಅದು ವಿಡಿಯೊದಲ್ಲಿ ದುಃಖದ ಹಾಗೆ ಕಂಡಿತು. ಕೊನೆಯಲ್ಲಿ ಅಕ್ಷರಗಳು ಮೂಡಿದವು: ನೀವೂ ಒಮ್ಮೆ ಬಂದು ಕೂಗಿ. ನದಿ ಓಗೊಡುತ್ತದೆ.

ಜನ ಬಂದರು. ಮೊದಲು ಒಂದು ಕಾರು, ಆಮೇಲೆ ಹತ್ತು, ಆಮೇಲೆ ಬಸ್ಸುಗಳು. ಎಲ್ಲರೂ ಬಂಡೆಯ ಮೇಲೆ ಹತ್ತಿ ನಿಂತು ಕಾಯುತ್ತಿದ್ದರು. ಆಚೆಯಿಂದ ಅಂಬಿಗ ‘ಓ’ ಎಂದರೆ ನದಿಯೇ ಕೂಗಿತು ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಒಟ್ಟಾಗಿ ‘ಓ’ ಎನ್ನುತ್ತಿದ್ದರು. ಒಬ್ಬ ಮುದುಕಿ ಅಂಬಿಗನ ಹೆಂಡತಿಯ ಗಲ್ಲ ಹಿಡಿದು, “ಪಾಪ, ಗಂಡ ಹೋಗಿ ಎಷ್ಟು ವರ್ಷ ಆಯ್ತವ್ವಾ?” ಎಂದಳು.

“ಬೆಳಿಗ್ಗೆ ಹೋಗಿದಾರೆ ಅಜ್ಜೀ. ಊಟಕ್ಕೆ ಬರ್ತಾರೆ.”

ಮುದುಕಿ ಇನ್ನಷ್ಟು ಅತ್ತಳು. ದುಃಖದಲ್ಲಿ ಇವಳ ಬುದ್ಧಿ ಕೆಟ್ಟಿದೆ ಎಂದುಕೊಂಡಳು. ಅಂಬಿಗ ಇದನ್ನು ಊರಿನವರಿಗೆಲ್ಲ ಹೇಳಿ ನಗಿಸಿದ.

ಬೇಸಿಗೆಯಲ್ಲಿ ನೀರು ಮೊಣಕಾಲಿನಷ್ಟೇ ಇತ್ತು. ಓಗೊಟ್ಟವರು ಯಾರಾದರೂ ನಡೆಯುತ್ತಿತ್ತು. ಮೋಡ ಕಟ್ಟತೊಡಗಿದಾಗ ಹೆಂಡತಿಗೆ ಹೆದರಿಕೆ ಹತ್ತಿತು. ಗಂಡನಿಗೆ ಹೇಳಿದಳು. ಅವನು, “ಇಪ್ಪತ್ತು ವರ್ಷದಿಂದ ಕೇಳ್ತಿದೀನಿ, ನಿನ್ನ ದನಿ ನನಗೆ ಗೊತ್ತಾಗಲ್ವೇನೇ?” ಎಂದ. ಅವಳು ಮರುದಿನ ಪರೀಕ್ಷೆ ಮಾಡಿದಳು. ನೀರು ನೆಟ್ಟಗೇ ಇತ್ತು. ಅವನು ಕೂಗಿದಾಗ ಅವಳು ಬೇಕೆಂದೇ ಬಾಯಿ ಮುಚ್ಚಿ ಕೂತಳು. ಸುತ್ತ ಇದ್ದವರು ಓಗೊಟ್ಟರು. ಅವನು ಬಂದುಬಿಟ್ಟ.

“ಕೂಗಿದ್ದು ನಾನಲ್ಲ,” ಎಂದಳು.

ಅಂಬಿಗ ಹರಿಗೋಲು ಕಟ್ಟುತ್ತಿದ್ದವನು ಅಲ್ಲೇ ಕೂತ. ಅಂದಿನಿಂದ ಅವನು ಆ ಮುದುಕಿಯ ಕತೆಯನ್ನು ಯಾರಿಗೂ ಹೇಳಲಿಲ್ಲ.

ಇಬ್ಬರೂ ಜಾಹೀರಾತಿನವನಿಗೆ ಫೋನ್ ಮಾಡಿದರು. ಬಂಡೆಯ ಮೇಲೆ ಯಾರೂ ಕೂಗಬಾರದು ಎಂದು ವಿಡಿಯೊದಲ್ಲಿ ಹೇಳಿ ಎಂದು ಕೇಳಿಕೊಂಡರು. ಅವನು, “ಕೂಗಿ ಅಂತ ಕರೆದು, ಈಗ ಕೂಗಬೇಡಿ ಅಂದರೆ ಜನ ನಗ್ತಾರಮ್ಮಾ,” ಎಂದ. ಮಳೆಗಾಲದ್ದೂ ಒಂದು ವಿಡಿಯೊ ಮಾಡಬೇಕಿದೆ, ಬಂದಾಗ ಕೂತು ಮಾತಾಡೋಣ ಎಂದ. ಬೇರೆ ಗುರುತು ಮಾಡಿಕೊಳ್ಳೋಣ ಎಂದು ಗಂಡ ಹೆಂಡತಿ ಬಟ್ಟೆ ಬೀಸಿ ನೋಡಿದರು. ಅವಳು ಸೆರಗು ಬೀಸಿದರೆ ಬಂಡೆಯ ಮೇಲಿದ್ದವರೆಲ್ಲ ದುಪಟ್ಟಾ, ಟವೆಲ್ ಬೀಸುತ್ತಿದ್ದರು. ಇಳಿಯಿರಿ ಎಂದು ಅವಳು ಬೇಡಿಕೊಂಡರೆ, ಈ ಜಾಗ ನೋಡಲೆಂದೇ ಬಂದಿದ್ದೇವೆ ಎನ್ನುತ್ತಿದ್ದರು. ಅವಳು ಮನೆಯ ಅಟ್ಟ ಹತ್ತಿ ನೋಡಿದಳು. ಅಲ್ಲಿಂದ ನದಿಯ ಮೇಲ್ಭಾಗ ಕಾಣಲಿಲ್ಲ.

ಮಳೆ ಹಿಡಿಯಿತು. ಹರಿಗೋಲು ನಿಲ್ಲಿಸಿಬಿಡಿ ಎಂದು ಅವಳು ಗಂಡನಿಗೆ ಹೇಳಿದಳು. ಅವನು ಒಪ್ಪಿದ. ಆದರೆ ಆಚೆ ಊರಿಗೆ ಕೊಟ್ಟಿದ್ದ ಮಗಳನ್ನು ಬಾಣಂತನಕ್ಕೆ ಕರೆದು ತರಬೇಕಿತ್ತು. ದಿನ ತುಂಬುತ್ತಾ ಬಂದಿತ್ತು, ದೂರದ ಸೇತುವೆಯ ದಾರಿಯಲ್ಲಿ ನಡೆಸಿ ತರುವಂತಿರಲಿಲ್ಲ. ಇದೊಂದು ಸಲ ಎಂದು ಅವನು ಬೆಳಿಗ್ಗೆ ಹೋದ. ನೀರು ಆಗ ನೆಟ್ಟಗಿತ್ತು.

ಅದೇ ದಿನ ಜಾಹೀರಾತಿನವನು ಮಳೆಗಾಲದ ವಿಡಿಯೊ ಮಾಡಲು ಬಂದ. ಬಂಡೆಯ ಮೇಲೆ ಕೊಡೆಗಳು ತುಂಬಿದ್ದವು.

ಹೆಂಡತಿ ಮೇಲ್ಭಾಗವನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೀರಿನ ಬಣ್ಣ ಕೆಂಪಾಯಿತು. ನೊರೆ ಬಂತು. ಆಮೇಲೆ ಕಸಕಡ್ಡಿ, ಆಮೇಲೆ ಬೇರುಸಹಿತ ಒಂದು ಗಿಡ. ಈಗ ಕೂಗಬೇಡಿ, ಈಗ ಕೂಗಬೇಡಿ ಎಂದು ಮನಸ್ಸಿನಲ್ಲೇ ಗಂಡನನ್ನು ಬೇಡಿಕೊಂಡಳು.

ಆಚೆಯಿಂದ ‘ಓ’ ಎಂಬುದು ಕೇಳಿತು.

ಅವಳು ಸುಮ್ಮನಿದ್ದಳು. ಬಂಡೆಯ ಮೇಲಿದ್ದವರು ಓಗೊಟ್ಟರು.

ಅಂಬಿಗ ಮೋಸಹೋಗಬಾರದೆಂದು ಎರಡನೆಯ ಸಲ ಕೂಗಿದ. ಅವಳಿಗೆ ತಡೆಯಲಾಗಲಿಲ್ಲ. ‘ಬರಬೇಡೀ’ ಎಂದು ಕಿರುಚಿದಳು. ಕಿರುಚಿದ ಮೇಲೆ ಅವಳಿಗೆ ತಾನು ಮಾಡಿದ್ದು ತಿಳಿಯಿತು. ಆ ಗದ್ದಲದಲ್ಲಿ ಅವನು ಗುರುತಿಸಬಲ್ಲ ದನಿ ಅದೊಂದೇ.

ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಆಮೇಲೆ ಪಕ್ಕದವರ ಬಾಯಿ ಮುಚ್ಚಲು ಹೋದಳು. ಒಬ್ಬರದಾದ ಮೇಲೆ ಒಬ್ಬರದು. ಅವರು ಅದನ್ನೂ ಕತೆಯ ಭಾಗ ಎಂದುಕೊಂಡು ಫೋನ್ ಎತ್ತಿದರು. ಅವಳು ಜಾಹೀರಾತಿನವನ ಕಾಲು ಹಿಡಿದಳು.

“ಅಣ್ಣಾ, ಯಾರೂ ಕೂಗದಿದ್ರೆ ಅವರು ಬರಲ್ಲ. ನನ್ನ ಮಗಳಿದಾಳೆ.”

ಅವನಿಗೆ ಆಗ ಅರ್ಥವಾಯಿತು. ನೀರನ್ನು ನೋಡಿದ. ಜನರತ್ತ ತಿರುಗಿ “ಸುಮ್ಮನಿರಿ!” ಎಂದ. ಯಾರೂ ಕೇಳಲಿಲ್ಲ. ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಹತ್ತಿ, ಎದೆ ಬಿರಿಯುವ ಹಾಗೆ “ಸುಮ್ಮನಿರಿ!” ಎಂದು ಕೂಗಿದ.

ಜನ ಬೆದರಿ ಸುಮ್ಮನಾದರು. ಅಂದು ಆಚೆ ದಡಕ್ಕೆ ಮುಟ್ಟಿದ ಕೊನೆಯ ದನಿ ಅವನದು. ಅಂಬಿಗ ಹರಿಗೋಲನ್ನು ನೀರಿಗೆ ತಳ್ಳಿದ.

ನಡುಹೊಳೆಯಲ್ಲಿ ಪ್ರವಾಹ ಅವರನ್ನು ಹಿಡಿಯಿತು. ಹರಿಗೋಲು ಮೂರು ಸುತ್ತು ತಿರುಗಿ ಕೆಳಗಿನ ತಿರುವಿನ ಮರೆಗೆ ಹೋಯಿತು. ಬಂಡೆಯ ಮೇಲೆ ಇನ್ನೂರು ಜನರಿದ್ದರು. ಒಬ್ಬರೂ ಉಸಿರೆತ್ತಲಿಲ್ಲ.

ಸಂಜೆಯವರೆಗೆ ಹುಡುಕಿದರು. ಜಾಹೀರಾತಿನವನು ಕೆಸರಿನಲ್ಲಿ ಬಿದ್ದೆದ್ದು ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ. ಎರಡು ಮೈಲಿ ಕೆಳಗೆ, ನಡುಗಡ್ಡೆಯ ಪೊದೆಯಲ್ಲಿ ಅವರು ಸಿಕ್ಕರು. ಮಗಳಿಗೆ ಜೀವವಿತ್ತು. ಅಂಬಿಗನಿಗೂ ಜೀವವಿತ್ತು. ಮಗಳನ್ನು ಹಿಡಿದುಕೊಂಡಿದ್ದ ಅವನ ಬಲಗೈ ಬಂಡೆಗಳ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಆ ಕೈ ಮತ್ತೆ ಹುಟ್ಟು ಹಿಡಿಯಲಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಜಾಹೀರಾತಿನವನು ಅವರ ಮನೆಯ ಮುಂದೆ ಬಂದು ನಿಂತ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ಅಂಬಿಗನ ಹೆಂಡತಿಯೇ ಹೊರಗೆ ಬಂದಳು.

“ನಾನು ಸುಳ್ಳು ಹೇಳಿದೆ ಅಮ್ಮಾ,” ಎಂದ ಅವನು.

“ಸುಳ್ಳು ಬಿಡಿ ಅಣ್ಣಾ. ಸುಳ್ಳು ಅಂತ ಗೊತ್ತಿದ್ದೇ ನಾನೂ ಬಂದು ನಿಂತೆ. ನಾನೊಂದು ಗಳಿಗೆ ಸುಮ್ಮನಿರಬೇಕಿತ್ತು. ಅದಕ್ಕೆ ಜಾಗ ಬಿಡಲಿಲ್ಲವಲ್ಲ ನೀವು.”

ಅವನು ಆ ವಿಡಿಯೊವನ್ನು ಅಳಿಸಿಹಾಕಿದ. ನೋಡಿದವರು ಅಷ್ಟರಲ್ಲಿ ನೋಡಿಯಾಗಿತ್ತು. ಇಂದಿಗೂ ಜನ ಅಲ್ಲಿಗೆ ಬರುತ್ತಾರೆ, ಬಂಡೆ ಹತ್ತಿ ಕೂಗುತ್ತಾರೆ. ಕೆಲವರು ಆಚೆ ದಡಕ್ಕೂ ಸುತ್ತಿಬಳಸಿ ಹೋಗಿ ಅಲ್ಲಿಂದ ಓಗೊಡುತ್ತಾರೆ. ಹೊಳೆ ದಾಟುವವರು ಯಾರೂ ಇಲ್ಲ. ಆ ಊರಿನವರು ಆಸ್ಪತ್ರೆಗೆ ಹೋಗಬೇಕಾದರೆ ಸೇತುವೆಯ ದಾರಿಯಲ್ಲಿ ಅರ್ಧ ದಿನ ನಡೆಯುತ್ತಾರೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯೆ ತನ್ನ ಅಂಗೈಯನ್ನು ನೋಡಿಕೊಂಡು ಹೇಳಿದಳು: “ಆದರೆ ಗುರುಗಳೇ, ಅದು ಹೊಳೆ. ಅಲ್ಲಿ ಜೀವದ ಪ್ರಶ್ನೆಯಿತ್ತು. ನನ್ನದು ಒಂದು ಗೋಡೆ, ಒಂದು ಕೈಗುರುತು. ಯಾಕೆ ಒತ್ತುತ್ತಾರೆ ಎಂದು ಕೇಳಲು ನನಗೆ ಸಂಕೋಚವಾಯಿತು, ಅವರೂ ಏನೂ ಹೇಳಲಿಲ್ಲ. ಅಲ್ಲಿ ಯಾವ ಕತೆಯೂ ಇರಲಿಲ್ಲ. ನಾನು ಖಾಲಿ ಜಾಗವನ್ನು ತುಂಬಿದೆ, ಅಷ್ಟೇ.”

ಗುರುಗಳು ಅವಳ ಮುಖ ನೋಡಿದರು.

“ಅದು ಖಾಲಿ ಎಂದು ನಿನಗೆ ಯಾರು ಹೇಳಿದರು?”