ಹಗೇವಿನ ಬಾಯಿಗೆ ದೀಪ

“ಅಜ್ಜಾರ, ಎರಡು ಕಂಪನಿಯವರು ಒಬ್ಬರನ್ನೊಬ್ಬರು ಹಳಿದುಕೊಂಡು ಜಾಹೀರಾತು ಹಾಕ್ಯಾರ. ಇದರಾಗ ಯಾರನ್ನ ನಂಬಬೇಕ್ರಿ?”

ಕೇಳಿದವನು ಕರಿಬಸಯ್ಯ. ಮಠದ ಬೋರ್ಡಿಂಗಿನ ಕಚೇರಿ ನೋಡಿಕೊಳ್ಳುವವನು. ಕಚೇರಿಯ ಹಳೆಯ ಕಂಪ್ಯೂಟರಿಗೆ ವೈರಸ್ ಹೊಕ್ಕು ಹುಡುಗರ ಹಾಜರಿ, ಅಂಕ ಎಲ್ಲವೂ ಅಳಿಸಿಹೋಗಿದ್ದವು. ಹೊಸದನ್ನು ಕೊಳ್ಳಲು ಮಠದ ಸ್ವಾಮಿಗಳಾದ ಅಜ್ಜನವರು ಒಪ್ಪಿದ್ದರು. ಯಾವುದನ್ನು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಕರಿಬಸಯ್ಯ ಮೊಬೈಲಿನಲ್ಲಿ ಜಾಹೀರಾತು ತೋರಿಸಿದ. ಇಬ್ಬರು ನಟರು. ಒಬ್ಬ ಒಂದು ಬಗೆಯ ಕಂಪ್ಯೂಟರ್, ಇನ್ನೊಬ್ಬ ಇನ್ನೊಂದು ಬಗೆಯದು. ಮೊದಲನೆಯವನು ಕಂಬಳಿ ಹೊದ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ವೈರಸ್ಸಿಗೆ ಹೆದರಿ ಹೊತ್ತುಹೊತ್ತಿಗೆ ಗುಳಿಗೆ ನುಂಗುತ್ತಾನೆ. ಎರಡನೆಯವನು ಪಕ್ಕದಲ್ಲಿ ಕೂತು ಐಸ್‌ಕ್ರೀಂ ತಿನ್ನುತ್ತ ಆ ಗುಳಿಗೆಗಳನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ. ಅಲ್ಲಿಗೆ ಬಂದಾಗ ಕರಿಬಸಯ್ಯ ಕಿಸಕ್ಕನೆ ನಕ್ಕ. ಈ ಜಾಹೀರಾತಿಗೆ ಪ್ರತಿಯಾಗಿ ಕಂಬಳಿಯವನ ಕಂಪನಿ ಇನ್ನೊಂದು ಜಾಹೀರಾತು ಹಾಕಿತ್ತು. ಅದರಲ್ಲಿ ಊರಿಗೆ ಊರೇ ಕಂಬಳಿಯವನ ಕಡೆ, ಐಸ್‌ಕ್ರೀಮಿನವನು ಒಂಟಿ. ನೋಡಿದವರು ಕೆಳಗೆ ಬರೆದ ಜಗಳ ಜಾಹೀರಾತಿಗಿಂತ ಉದ್ದವಾಗಿತ್ತು. ಐಸ್‌ಕ್ರೀಮಿನ ಕಡೆಯವರು ಕಂಬಳಿಯ ಕಡೆಯವರನ್ನು ರೋಗಿಷ್ಠರು ಎಂದಿದ್ದರು. ಅವರು ಇವರನ್ನು ಸೊಕ್ಕಿನವರು ಎಂದಿದ್ದರು.

ಅಜ್ಜನವರು ಎರಡನ್ನೂ ನೋಡಿದರು.

“ನಮ್ಮ ಸೀಮಿಯಾಗೂ ಇಂಥಾದ್ದೊಂದು ನಡೆದಿತ್ತು. ನಾನು ಕಣ್ಣಾರೆ ಕಂಡೀನಿ.”

“ಯಾವಾಗ್ರಿ?”

“ಮುನ್ನೂರು ವರ್ಷ ಆತು.”

ಕತೆಗೆ ತಕ್ಕಂತೆ ಅಜ್ಜನವರ ವಯಸ್ಸು ಹಿಗ್ಗುತ್ತದೆ, ಕುಗ್ಗುತ್ತದೆ. ಅದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು.

“ಊರು ಯಾವುದ್ರಿ?”

“ಹೆಸರು ಕೇಳಬ್ಯಾಡ. ಕೇಳಿದರ ಒಂದು ಹೇಳಬೇಕಾಗ್ತದ.”

ಹೀಗೆಂದು ಅಜ್ಜನವರು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಜನ ಜೋಳವನ್ನು ಕಣಜದಲ್ಲಿ ಇಡುತ್ತಿದ್ದರು. ಬಿದಿರಿನಿಂದ ಹೆಣೆದು ಸೆಗಣಿ ಮೆತ್ತಿದ ಕಣಜ ಮನೆಯ ಮೂಲೆಯಲ್ಲಿ ನಿಂತಿರುತ್ತಿತ್ತು. ಅದಕ್ಕೆ ಇಲಿ ಹೊಗುತ್ತಿತ್ತು, ನುಸಿ ಹತ್ತುತ್ತಿತ್ತು. ಜನ ಬೇವಿನ ಎಲೆ ಹಾಕುತ್ತಿದ್ದರು, ಬೂದಿ ಬೆರೆಸುತ್ತಿದ್ದರು, ಬೆಕ್ಕು ಸಾಕುತ್ತಿದ್ದರು. ಬೆಕ್ಕು ಹಾಲು ಕುಡಿದು ಕಣಜದ ಮೇಲೆಯೇ ಮಲಗುತ್ತಿತ್ತು.

ಆ ಸೀಮೆಗೆ ಒಬ್ಬ ವ್ಯಾಪಾರಿ ಬಂದ. ಹಗೇವು ತೋಡಿಸಿಕೊಡುವುದು ಅವನ ವ್ಯಾಪಾರ. ಹಗೇವು ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳ ಎರಡಾಳು. ಒಳಗೆ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಇಲಿ ಹೋಗುವುದಿಲ್ಲ, ನುಸಿ ಬದುಕುವುದಿಲ್ಲ. ವ್ಯಾಪಾರಿ ಹೇಳಿದ್ದೆಲ್ಲ ನಿಜ. ಆದರೂ ಕೊಳ್ಳುವವರು ಬರಲಿಲ್ಲ. ತಿನ್ನುವ ಜೋಳವನ್ನು ಹೂಳುವುದು ಜನರ ಮನಸ್ಸಿಗೆ ಒಗ್ಗಲಿಲ್ಲ.

“ಅಜ್ಜಾರ, ಹೋದ ಸಲದ ಕತಿಯಾಗ ಈ ವ್ಯಾಪಾರಿ ಎಣ್ಣಿ ಮಾರ್ತಿದ್ದ,” ಎಂದ ಕರಿಬಸಯ್ಯ.

“ಎರಡೂ ಮಾರ್ತಿದ್ದ. ಹೊಟ್ಟಿಪಾಡು. ನೀ ಕೇಳು.”

ವ್ಯಾಪಾರಿ ಇಬ್ಬರು ವೇಷಗಾರರನ್ನು ಕರೆಸಿದ. ಅವರು ಅಣ್ಣತಮ್ಮಂದಿರು. ದೊಡ್ಡವನು ಕುಳ್ಳಗೆ, ದಪ್ಪಗೆ. ಸಣ್ಣವನು ನೆಟ್ಟಗೆ, ನೋಡಲು ಚೆಂದ. ತಾಯಿತಂದೆ ಸತ್ತಾಗ ಸಣ್ಣವನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ದೊಡ್ಡವನು ಅವನನ್ನು ಹೆಗಲ ಮೇಲೆ ಹೊತ್ತು, ಊರೂರು ತಿರುಗಿ, ವೇಷ ಹಾಕಿ ಸಾಕಿದ್ದ. ಸಣ್ಣವನು ಉಣ್ಣದೆ ದೊಡ್ಡವನು ಉಣ್ಣುತ್ತಿರಲಿಲ್ಲ. ಜನ ನಕ್ಕ ದಿನ ಇಬ್ಬರೂ ಉಣ್ಣುತ್ತಿದ್ದರು. ನಗದ ದಿನ ಇಬ್ಬರೂ ನೀರು ಕುಡಿದು ಮಲಗುತ್ತಿದ್ದರು.

“ನೀನು ಕಣಜ,” ಎಂದು ವ್ಯಾಪಾರಿ ದೊಡ್ಡವನಿಗೆ ಹೇಳಿದ. ಸಣ್ಣವನತ್ತ ತಿರುಗಿ, “ನೀನು ಹಗೇವು,” ಎಂದ. “ಜನ ನಗಬೇಕು. ಉಳಿದದ್ದು ನಿಮಗ ಬಿಟ್ಟದ್ದು.”

ದೊಡ್ಡವನು ಹೊಟ್ಟೆಗೆ ಚಾಪೆ ಸುತ್ತಿಕೊಂಡು ಕಣಜವಾದ. ಕೆಮ್ಮಿದ, ಮೈ ಕೆರೆದುಕೊಂಡ, ಇಲಿ ಕಚ್ಚಿತೆಂದು ಕುಣಿದ. ಸಣ್ಣವನು ಕೈಕಟ್ಟಿಕೊಂಡು ನಿಂತು ಅವನನ್ನು ನೋಡಿದ. ಜನ ತುಸು ನಕ್ಕರು. ಹಗೇವು ಯಾರೂ ಕೊಳ್ಳಲಿಲ್ಲ.

ಒಂದು ಊರಿನಲ್ಲಿ ಆಟದ ನಡುವೆ ದೊಡ್ಡವನಿಗೆ ಒಂದು ಉಪಾಯ ಹೊಳೆಯಿತು. ಕಟ್ಟೆಯ ಮೇಲಿದ್ದ ಹಣತೆಯನ್ನು ಎತ್ತಿಕೊಂಡ. ಅದನ್ನು ತನ್ನ ಕಂಕುಳಿಗೆ ಹಿಡಿದು, “ಇಲಿ ಅದಾವೇನು, ಇಲಿ?” ಎಂದು ಇಣುಕಿದ. ಕೂಡುವ ಮೊದಲು ನೆಲಕ್ಕೆ ದೀಪ ಹಿಡಿದ. ಎದ್ದ ಮೇಲೆ ಕೂತ ಜಾಗಕ್ಕೆ ಹಿಡಿದ. ಮುಂದೆ ಕೂತಿದ್ದ ಗೌಡರ ಹತ್ತಿರ ಹೋಗಿ, “ಗೌಡ್ರ, ನಿಮ್ಮ ರುಮಾಲಿನಾಗ ಏನೋ ಅಲುಗಾಡ್ತದ,” ಎಂದ. ಗೌಡರು ಗಾಬರಿಯಾಗಿ ರುಮಾಲು ತೆಗೆದು ಕೊಡವಿದರು. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕೊನೆಗೆ ದೊಡ್ಡವನು ದೀಪವನ್ನು ತಮ್ಮನ ಮುಖದ ಬಳಿ ತಂದ.

“ತಮ್ಮಾ, ಬಾಯಿ ತೆಗಿ. ನಿನ್ನ ಹೊಟ್ಟಿನೂ ಒಮ್ಮೆ ನೋಡೋಣು.”

ಯಾರೂ ಹೇಳಿಕೊಡದೆಯೇ ಸಣ್ಣವನು ಉಫ್ ಎಂದು ದೀಪ ಆರಿಸಿದ.

“ನನಗ್ಯಾಕೋ ದೀಪಾ?” ಎಂದ.

ಆಗ ಎದ್ದ ನಗೆಗೆ ಮೂರು ಹರದಾರಿ ಆಚೆಯ ಊರಿನ ಎಮ್ಮೆಗಳು ಹಗ್ಗ ಹರಿದುಕೊಂಡವು. ಮರುದಿನ ವ್ಯಾಪಾರಿಯ ಬಿಡಾರದ ಮುಂದೆ ಜನ ಸಾಲುಗಟ್ಟಿದರು.

ಕಣಜ ಹೆಣೆಯುವವರು ಸುಮ್ಮನೆ ಕೂಡಲಿಲ್ಲ. ಹಲಗೆ ಬಾರಿಸಿ, “ನೆಲದಾಗ ಇಡೋದು ಹೆಣಾ, ಜೋಳಾ ಅಲ್ಲ,” ಎಂದು ಸಾರಿದರು. ಸೀಮೆ ಎರಡು ಭಾಗವಾಯಿತು. ಕಣಜದವರು ಹಗೇವಿನವರ ಮನೆಯಲ್ಲಿ ರೊಟ್ಟಿ ಮುಟ್ಟಲಿಲ್ಲ. ಹಗೇವಿನವರು ಕಣಜದವರನ್ನು ಕಂಡಲ್ಲಿ ಕೆಮ್ಮಿದರು. ಬೀಗರು ಬೀಗರೊಡನೆ ಮಾತು ಬಿಟ್ಟರು. ಯಾರ ಜೋಳವನ್ನೂ ಯಾರೂ ನೋಡಿರಲಿಲ್ಲ. ಎಲ್ಲರೂ ಆಟವನ್ನು ನೋಡಿದ್ದರು.

ದೊಡ್ಡವನು ಒಂದು ಸಂಜೆ ವ್ಯಾಪಾರಿಯನ್ನು ಕೇಳಿದ.

“ಧಣಿ, ಹಗೇವಿಗೆ ಖರೇನ ದೀಪ ಬ್ಯಾಡೇನ್ರಿ?”

“ಬ್ಯಾಡ ಅಂದರ ಹೆಂಗ? ಮುಚ್ಚಿದ ಹಗೇವಿನಾಗ ಗಾಳಿ ಕೆಟ್ಟಿರ್ತದ. ಬಾಯಿ ತೆಗೆದು ಒಂದು ದಿನ ಬಿಡಬೇಕು. ಆಮ್ಯಾಲೆ ದೀಪ ಇಳಿಸಿ ನೋಡಬೇಕು. ಉರಿದರ ಮನುಷ್ಯಾ ಇಳೀಬಹುದು. ಆರಿದರ, ಇಳಿದಾಂವ ಮ್ಯಾಲೆ ಬರೂದಿಲ್ಲ. ಕೊಂಡವರಿಗೆಲ್ಲ ನಾನು ಬಾಯಿಬಿಟ್ಟು ಹೇಳ್ತೀನಿ.”

“ಹಂಗಾರ ಆಟದಾಗಿನ ದೀಪ ತೆಗೆದುಬಿಡ್ಲೇನ್ರಿ?”

“ನಗು ಬರೂದು ಎಲ್ಲೋ?”

“ಅಲ್ಲೇ ಬರತೈತ್ರಿ.”

“ಹಂಗಾರ ಇರಲಿ. ಅದು ಆಟ, ಇದು ಕೆಲಸ. ಜನಕ್ಕ ಅಷ್ಟು ತಿಳಿಯೂದಿಲ್ಲೇನು?”

ದೊಡ್ಡವನಿಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಇಷ್ಟು ದೊಡ್ಡ ನಗು ಅವನ ಜನ್ಮದಲ್ಲಿ ಅವನಿಗೆ ಸಿಕ್ಕಿರಲಿಲ್ಲ. ದೀಪ ಆಟದಲ್ಲಿ ಉಳಿಯಿತು. ತಮ್ಮನಿಗಾದರೂ ಈ ಮಾತು ಹೇಳಬೇಕು ಅಂದುಕೊಂಡ. ಹೇಳಿದರೆ ಮರುದಿನ ದೀಪ ಊದುವಾಗ ಅವನ ಮುಖದಲ್ಲಿ ಅಂಜಿಕೆ ಕಂಡೀತು, ನಗು ಸಪ್ಪೆಯಾದೀತು ಎಂದು ಸುಮ್ಮನಾದ.

ವ್ಯಾಪಾರಿ ಮಾತಿಗೆ ತಪ್ಪಲಿಲ್ಲ. ಕೊಂಡವರಿಗೆಲ್ಲ ದೀಪದ ಮಾತು ಹೇಳಿದ. ಅವರೂ ತಲೆಯಾಡಿಸಿ ಕೇಳಿಸಿಕೊಂಡರು. ಆದರೆ ಹಗೇವು ತೆರೆಯುವಾಗ ಯಾರಾದರೂ ದೀಪ ತಂದರೆ ಓಣಿಯ ಹುಡುಗರು, “ಕಣಜ ಬಂತು, ಕಣಜ!” ಎಂದು ಕೆಮ್ಮಿದರು. ಹೆಂಗಸರು ದೀಪವನ್ನು ಸೆರಗಿನ ಮರೆಯಲ್ಲಿ ತರತೊಡಗಿದರು. ಆಮೇಲೆ ಅದನ್ನೂ ಬಿಟ್ಟರು. ಬಾಯಿ ತೆರೆದು ಒಂದು ದಿನ ಬಿಡುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಕಾರಣ ಧೈರ್ಯ ಹೆಚ್ಚಿತು.

ಒಬ್ಬ ರೈತನ ಮಗಳ ಮದುವೆ ಬಂತು. ಅವನದು ಹೋದ ವರ್ಷ ಅರ್ಧ ತೆಗೆದು ಮತ್ತೆ ಮುಚ್ಚಿದ್ದ ಹಗೇವು. ನೆನೆಸಿದ್ದಕ್ಕಿಂತ ಹೆಚ್ಚು ಬೀಗರು ಬಂದಿಳಿದರು. ರೊಟ್ಟಿಗೆ ಜೋಳ ಸಾಲದೆ, ಆ ಬೆಳಗ್ಗೆಯಷ್ಟೇ ಹಗೇವಿನ ಬಾಯಿ ತೆರೆಸಿದ; ಒಂದು ದಿನ ಬಿಡಲು ಪುರಸೊತ್ತಿರಲಿಲ್ಲ. ಬೀಗರ ಸಂತೋಷಕ್ಕೆಂದು ಅಣ್ಣತಮ್ಮಂದಿರ ಆಟವನ್ನೂ ಇಡಿಸಿದ್ದ. ಆಟ ಮುಗಿಯಿತು. ಊಟಕ್ಕೆ ತಡವಿತ್ತು. ಜನ ಇನ್ನೂ ನಗುವ ಹುಮ್ಮಸ್ಸಿನಲ್ಲಿದ್ದರು.

ರೈತ ಬುಟ್ಟಿ, ಹಗ್ಗ, ಒಂದು ದೀಪ ಹಿಡಿದು ಹಗೇವಿನ ಬಳಿ ಬಂದ. ವ್ಯಾಪಾರಿಯ ಮಾತು ಅವನಿಗೆ ನೆನಪಿತ್ತು.

ಬೀಗರಲ್ಲಿ ಒಬ್ಬ ಕೆಮ್ಮಿದ. “ಏನ್ರಿ ಬೀಗರ, ಕಣಜದ ಮನಿ ಹೆಣ್ಣು ತಂದ್ವೇನ್ರಿ ನಾವು?”

ರೈತನ ಮುಖ ಸಣ್ಣದಾಯಿತು. ದೀಪವನ್ನು ಬೆನ್ನ ಹಿಂದೆ ಸರಿಸಿದ. ಸಣ್ಣವನು ಅಲ್ಲೇ ನಿಂತಿದ್ದ. ಅವನು ಬಾಗಿ, ರೈತನ ಬೆನ್ನ ಹಿಂದಿನ ದೀಪವನ್ನು ಉಫ್ ಎಂದು ಊದಿದ. ಮದುವೆಮನೆ ಗೊಳ್ಳೆಂದಿತು. ನಗು ತಗ್ಗುವ ಮೊದಲೇ ಸಣ್ಣವನು ಧೋತರ ಮೇಲೆ ಕಟ್ಟಿದ.

“ಕೊಡ್ರಿ ಬುಟ್ಟಿ. ನನ್ನ ಮನಿಗೆ ನಾನು ಹೋಗಾಕ ಯಾರನ್ನ ಕೇಳಬೇಕು?” ಎಂದು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟ.

ದೊಡ್ಡವನು ಚಪ್ಪರದ ಕೆಳಗೆ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಹೊಟ್ಟೆಯ ಚಾಪೆ ಇನ್ನೂ ಬಿಚ್ಚಿರಲಿಲ್ಲ. ನಗು ಕೇಳಿ ತಲೆಯೆತ್ತಿದ. ಅಷ್ಟರಲ್ಲಿ ತಮ್ಮ ಎದೆಯವರೆಗೂ ನೆಲದೊಳಗೆ ಹೋಗಿದ್ದ.

“ಬ್ಯಾಡೋ ತಮ್ಮಾ! ಇಳೀಬ್ಯಾಡ! ಮೊದಲ ದೀಪಾ ಬಿಡೋ, ದೀಪಾ!” ಎಂದು ಕೂಗುತ್ತ ಓಡಿದ.

“ಬಂತಪಾ ಕಣಜ!” ಎಂದು ಬೀಗರು ಚಪ್ಪಾಳೆ ತಟ್ಟಿದರು.

ಸಣ್ಣವನೂ ಹಾಗೆಯೇ ತಿಳಿದ. ಅಣ್ಣ ಆಟ ಮುಂದುವರಿಸಿದ್ದಾನೆ ಅಂದುಕೊಂಡ. ಅಣ್ಣ ಒಂದು ಮಾತು ಎಸೆದರೆ ತಾನೊಂದು ಎಸೆಯುವುದು ಅವನಿಗೆ ಹಲ್ಲು ಬಂದಂದಿನಿಂದ ರೂಢಿ. ಅಣ್ಣನನ್ನು ನೋಡಿ ಹುಬ್ಬು ಹಾರಿಸಿ, “ನನಗ್ಯಾಕೋ,” ಎಂದು ಅರ್ಧ ಹೇಳಿ, ಉಳಿದರ್ಧವನ್ನು ಜನರೇ ಕೂಗಲಿ ಎಂದು ಬಿಟ್ಟ. ಜನ ಕೂಗಿದರು. ಅವನು ಕೈ ಬಿಟ್ಟು ಒಳಗೆ ಧುಮುಕಿದ.

ದೊಡ್ಡವನು ರೈತನ ಕೈಯಿಂದ ದೀಪ ಕಿತ್ತುಕೊಂಡ. ಅಡುಗೆಯ ಒಲೆಯಿಂದ ಹೊತ್ತಿಸಿ ತಂದ. ಹಗ್ಗಕ್ಕೆ ಕಟ್ಟಿ ಇಳಿಸಿದ. ಮೊಳದಷ್ಟು ಇಳಿಯುವುದರೊಳಗೆ ದೀಪ ಆರಿತು. ಈ ಸಲ ಯಾರೂ ಊದಿರಲಿಲ್ಲ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಗೇವೇ ಊದಿತೆಂದು ಒಬ್ಬ ಕೂಗಿದ.

ದೊಡ್ಡವನು ಬಾಗಿ ತಮ್ಮನ ಹೆಸರು ಹಿಡಿದು ಕರೆದ. ಉತ್ತರ ಬರಲಿಲ್ಲ. ತಾನೇ ಇಳಿಯಲು ಹೋದ. ಹೊಟ್ಟೆಯ ಚಾಪೆ ಹಗೇವಿನ ಬಾಯಿಗೆ ಸಿಕ್ಕಿಕೊಂಡಿತು. ಒಳಗೂ ಹೋಗದೆ ಹೊರಗೂ ಬಾರದೆ ಕಾಲು ಬಡಿದ. ಅದಕ್ಕೂ ನಕ್ಕರು. ಅವನು ನೆಲಕ್ಕೆ ಹಣೆ ಚಚ್ಚಿಕೊಂಡು ಅಳತೊಡಗಿದ. ಅಳುವುದನ್ನು ಕಂಡ ಮೇಲೂ ಸ್ವಲ್ಪ ಹೊತ್ತು ನಕ್ಕರು.

ಮೊದಲು ನಗು ನಿಲ್ಲಿಸಿದವನು ರೈತ. ಅವನು ದೊಡ್ಡವನ ರಟ್ಟೆ ಹಿಡಿದು ಹೊರಗೆಳೆದ. ಮತ್ತೆ ಇಳಿಯಲು ಬಿಡಲಿಲ್ಲ.

ಹಗ್ಗಕ್ಕೆ ಕೊಕ್ಕೆ ಕಟ್ಟಿ ಸಣ್ಣವನನ್ನು ಮೇಲೆ ತಂದರು. ಉಸಿರು ನಿಂತಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಧೋತರದ ಮಡಿಕೆಯಲ್ಲಿ ನಾಲ್ಕು ಹಿಡಿ ಜೋಳ ತುಂಬಿಕೊಂಡಿತ್ತು. ಮುತ್ತಿನಂಥ ಜೋಳ. ಒಂದು ಕಾಳಿಗೂ ನುಸಿ ಹತ್ತಿರಲಿಲ್ಲ.

ವ್ಯಾಪಾರಿ ಬಂದ. ಹೆಣದ ಮುಂದೆ ನಿಂತು, “ನಾನು ಎಲ್ಲರಿಗೂ ಹೇಳಿದ್ದೆ,” ಎಂದ. ಹೇಳಿದ್ದು ಹೌದೆಂದು ರೈತನೂ ಒಪ್ಪಿದ.

ದೊಡ್ಡವನು ಮತ್ತೆ ವೇಷ ಹಾಕಲಿಲ್ಲ. ಊರೂರಿಗೆ ಹೋಗಿ, ಹಗೇವು ತೆರೆದರೆ ದೀಪ ಇಳಿಸಿ ನೋಡಿ ಎಂದು ಕೈಮುಗಿದು ಹೇಳಿದ. ಎಲ್ಲಿ ಹೋದರೂ ಜನರಿಗೆ ಅವನ ಮುಖದ ಗುರುತಿತ್ತು. ಅವನು ಬಾಯಿ ತೆರೆಯುವ ಮೊದಲೇ ನಗುತ್ತಿದ್ದರು.

ಅಜ್ಜನವರು ಕತೆ ನಿಲ್ಲಿಸಿದರು. ಇಂಥ ಕಡೆ ಕೇಳುವವರನ್ನು ನಗಿಸಲು ಅವರು ಎಮ್ಮೆಯನ್ನೋ ಗೌಡರ ರುಮಾಲನ್ನೋ ಮತ್ತೆ ತರುವುದು ವಾಡಿಕೆ. ಇಂದು ತರಲಿಲ್ಲ.

ಕರಿಬಸಯ್ಯ ಕೇಳಿದ. “ಹಂಗಾರ ಕಣಜದವರು ಸಾರಿದ್ದು ಖರೇ ಆತಲ್ರಿ?”

“ಆ ವರ್ಷ ಅವರ ಜೋಳಾನೆಲ್ಲ ಇಲಿ ತಿಂದವು. ಮಕ್ಕಳು ಹುಣಸಿ ಚಿಗುರು ತಿಂದು ಮಲಗಿದವು.”

“ಮತ್ತ ನಾನು ಯಾವುದನ್ನ ಕೊಳ್ಳಲಿ ಅಜ್ಜಾರ? ಯಾರನ್ನ ನಂಬಲಿ?”

ಅಜ್ಜನವರು ಮೊಬೈಲನ್ನು ಅವನ ಕೈಗೆ ತಿರುಗಿ ಕೊಟ್ಟರು.

“ಇದನ್ನ ನೋಡೂವಾಗ ನಿನಗ ನಗು ಎಲ್ಲಿ ಬಂತು, ಅದನ್ನಷ್ಟು ಹೇಳು.”