ಚೆಲುವಯ್ಯನ ಗೂಡು ನೀರಿಗೆ ತಾಗಿದ್ದು

ಮಕ್ಕಳೇ, ಒಂದು ಕೊಳದ ದಡದಲ್ಲಿ ಜಾಲಿಮರವೊಂದು ನೀರಿನ ಮೇಲೆ ಬಾಗಿ ನಿಂತಿತ್ತು. ಅದರ ರೆಂಬೆಗಳ ತುದಿಗೆ ಗೀಜಗಗಳು ಗೂಡು ನೇಯ್ದು ತೂಗುಬಿಟ್ಟಿದ್ದವು. ಎಲ್ಲಕ್ಕಿಂತ ಅಂದದ ಗೂಡು ಚೆಲುವಯ್ಯನದು. ಅದರೊಳಗೆ ಅವನ ಹೆಂಡತಿ ಹೊನ್ನಮ್ಮ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು.

ಪಕ್ಕದ ಹೊಲದಲ್ಲಿ ನವಣೆ ತೆನೆ ಬಲಿತಿತ್ತು. ಚೆಲುವಯ್ಯ ಹೊತ್ತು ಗೊತ್ತು ನೋಡದೆ ತಿಂದು ಮೈ ಬೆಳೆಸಿಕೊಂಡ. ಗೀಜಗದ ಗಂಡು ಗೂಡಿಗೆ ಜೋತುಬಿದ್ದೇ ಹುಲ್ಲೆಳೆ ಹೆಣೆಯಬೇಕಲ್ಲವೇ? ಅವನು ಬಂದು ಜೋತುಬಿದ್ದಾಗಲೆಲ್ಲ ರೆಂಬೆ ಬಾಗಿ ಗೂಡಿನ ಬಾಯಿ ನೀರಿಗೆ ತಾಗತೊಡಗಿತು. ಇನ್ನು ಸ್ವಲ್ಪ ಬಾಗಿದರೆ ಮೊಟ್ಟೆಗಳು ನೀರುಪಾಲು.

ಹೊನ್ನಮ್ಮ ಗದರಿದರೆ, "ನಾನೇನು ಮಾಡಲಿ, ಕೊಳ ಉಕ್ಕಿದೆ" ಎಂದ ಚೆಲುವಯ್ಯ.

ನೀರಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆ ಮಾವ ತನ್ನ ಕಾಲನ್ನು ನೋಡಿಕೊಂಡ. ನೀರು ನೆನ್ನೆಯೂ ತನ್ನ ಮಂಡಿಯವರೆಗಿತ್ತು, ಇವತ್ತೂ ಅಷ್ಟೇ ಇದೆ ಎಂದ. ಚೆಲುವಯ್ಯನಿಗೆ ನಾಚಿಕೆಯಾಯಿತು. ಇನ್ನುಮೇಲೆ ಅರ್ಧ ಹೊಟ್ಟೆ ಉಣ್ಣುವುದು, ದಿನಾ ಕೊಳದ ಸುತ್ತ ಹಾರುವುದು ಎಂದು ಹೆಂಡತಿಗೆ ಮಾತು ಕೊಟ್ಟ.

ಮಾರನೆಯ ದಿನ ಹಾರಿದ. ಹಾರಿದ ಕೂಡಲೇ ಹೊಟ್ಟೆ ತಾಳ ಹಾಕಿತು. ಹಾರಿ ಕಳೆದದ್ದನ್ನು ತಿಂದು ತುಂಬಿಕೊಳ್ಳಬಹುದೋ, ಬಾರದೋ? ಅವನಿಗೆ ತಿಳಿಯದೆ ನೆರೆಯವರನ್ನು ಕೇಳಿದ.

"ತುಂಬಿಕೋ ತಮ್ಮಾ. ಇಲ್ಲದಿದ್ದರೆ ರೆಕ್ಕೆಯ ಕಸುವು ಹೋಗುತ್ತೆ" ಎಂದಳು ಕೆಳಗೆ ತೇಲುತ್ತಿದ್ದ ಬಾತಕ್ಕ.

"ಕೂಡದು! ಮತ್ತೆ ತಿನ್ನುವುದಾದರೆ ಹಾರಿದ್ದು ಯಾವ ಪುರುಷಾರ್ಥಕ್ಕೆ?" ಎಂದ ಕೊಕ್ಕರೆ ಮಾವ. ಅವನ ಕೊಕ್ಕಿನಿಂದ ಮೀನಿನ ಬಾಲವೊಂದು ಇಣುಕುತ್ತಿತ್ತು, ಅದು ಬೇರೆ ಮಾತು.

ಚೆಲುವಯ್ಯನಿಗೆ ಬಾತಕ್ಕನ ಮಾತು ಹಿತವಾಗಿ ಕೇಳಿಸಿತು. ಆದರೆ ಎಷ್ಟು ಕಳೆದಿದೆ? ಎಷ್ಟು ಏದುಸಿರು ಬಂತೋ ಅಷ್ಟು ಕಳೆದಿದೆ ಎಂದು ತಾನೇ ಲೆಕ್ಕ ಹಾಕಿದ. ಏದುಸಿರಂತೂ ಧಾರಾಳವಾಗಿ ಬರುತ್ತಿತ್ತು, ಪುಣ್ಯಾತ್ಮನಿಗೆ ದಡದ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹಾರಿದರೂ ಬರುತ್ತಿತ್ತು. ಪ್ರತಿ ಕಲ್ಲಿಗೂ ಒಂದೊಂದು ತೆನೆ ಮುಗಿಸಿದ. ಕೆಲವೇ ದಿನಗಳಲ್ಲಿ ಗೂಡಿನ ಬಾಯಿ ಪೂರ್ತಿ ನೀರಿನಲ್ಲಿ ಅದ್ದಿ ಎದ್ದಿತು. ಇಷ್ಟು ಹಾರಿಯೂ ಭಾರ ಹೆಚ್ಚುವುದೆಂದರೇನು? ಅವನು ಕಕ್ಕಾಬಿಕ್ಕಿಯಾದ.

"ನಾನು ಹೇಳಲಿಲ್ಲವೇ?" ಎಂದ ಕೊಕ್ಕರೆ ಮಾವ.

ಸರಿ, ಚೆಲುವಯ್ಯ ಆ ಕಡೆ ವಾಲಿದ. ಹಾರಿದ, ತಿನ್ನಲಿಲ್ಲ. ಮತ್ತೆ ಹಾರಿದ, ಆಗಲೂ ತಿನ್ನಲಿಲ್ಲ. ಗೂಡು ಒಂದಿಷ್ಟು ಮೇಲೆದ್ದಿತು. ಅವನ ಕಣ್ಣು ಮಾತ್ರ ಮಂಜಾಯಿತು, ರೆಕ್ಕೆ ನಡುಗಿತು.

ಅದೇ ಹೊತ್ತಿಗೆ ಒಂದು ಕಾಗೆ ಬಂದು ಗೂಡಿನ ನೆತ್ತಿಯನ್ನು ಕಿತ್ತು ಸೀಳತೊಡಗಿತು. ಒಳಗಿನಿಂದ ಹೊನ್ನಮ್ಮ ಕೂಗಿಕೊಂಡಳು. ಚೆಲುವಯ್ಯ ಎದೆಯೊಡೆದು ಹಾರಲು ಹೋದ, ಆದರೆ ರೆಕ್ಕೆ ಏಳಲಿಲ್ಲ, ಕೂತಿದ್ದ ದಡದ ಕಲ್ಲಿನಿಂದ ನೇರ ನೀರಿಗೆ ಬಿದ್ದ. ಬಾತಕ್ಕ ಅವನನ್ನು ಬೆನ್ನಮೇಲೆ ಹಾಕಿಕೊಂಡು ದಡ ಸೇರಿಸಿದಳು. ಅಷ್ಟರಲ್ಲಿ ಮರದ ಗೀಜಗಗಳೆಲ್ಲ ಸೇರಿ ಕಾಗೆಯನ್ನು ಅಟ್ಟಿದ್ದವು. ಮೊಟ್ಟೆಗಳು ಉಳಿದಿದ್ದವು, ಗೂಡಿನ ನೆತ್ತಿಯಲ್ಲಿ ಮಾತ್ರ ದೊಡ್ಡ ತೂತು.

ಚೆಲುವಯ್ಯ ತಲೆ ತಗ್ಗಿಸಿ ಅತ್ತ. "ತಿಂದರೆ ಮೊಟ್ಟೆ ಮುಳುಗುತ್ತವೆ, ಬಿಟ್ಟರೆ ಕಾಗೆಯ ಪಾಲಾಗುತ್ತವೆ. ಹೊನ್ನೀ, ನಾನು ಯಾರ ಮಾತು ಕೇಳಲಿ?"

ಹೊನ್ನಮ್ಮನಿಗೆ ಸಿಟ್ಟೂ ಬಂತು, ಕನಿಕರವೂ ಬಂತು. "ಬಾತಕ್ಕ ತೇಲುವವಳು, ಕೊಕ್ಕರೆ ಮಾವ ನಿಲ್ಲುವವನು. ಇಬ್ಬರೂ ರೆಂಬೆಗೆ ಜೋತುಬೀಳುವವರಲ್ಲ. ನೀವು ಒಂದು ದಿನವಾದರೂ ನಮ್ಮ ರೆಂಬೆಯನ್ನು ಕೇಳಿದಿರಾ?" ಎಂದಳು.

ಚೆಲುವಯ್ಯ ತಲೆಯೆತ್ತಿ ರೆಂಬೆಯನ್ನು ನೋಡಿದ. ಎಷ್ಟು ಭಾರವೆಂದು ಅದು ದಿನಾ ಬಾಗಿ ಬಾಗಿ ಹೇಳುತ್ತಲೇ ಇತ್ತು, ನೋಡಿದವರು ಯಾರು?

ಅಂದಿನಿಂದ ಅವನು ಹಾರಿ ಬಂದು ಮೊದಲು ತುಸು ಸುಧಾರಿಸಿಕೊಳ್ಳುತ್ತಿದ್ದ. ಆಮೇಲೂ ರೆಕ್ಕೆ ನಡುಗಿದರೆ ಸ್ವಲ್ಪ ಕಾಳು ತಿನ್ನುತ್ತಿದ್ದ. ಬರೀ ಬಾಯಿಚಪಲವಾದರೆ ಕೊಕ್ಕು ಮುಚ್ಚಿಕೊಳ್ಳುತ್ತಿದ್ದ. ಸಂಜೆ ಗೂಡಿಗೆ ಜೋತುಬಿದ್ದು, ಗೂಡಿಗೂ ನೀರಿಗೂ ನಡುವೆ ಎಷ್ಟು ಜಾಗವಿದೆಯೆಂದು ನೋಡುತ್ತಿದ್ದ. ಜಾಗ ಕಿರಿದಾದರೆ ಮಾರನೆಯ ದಿನ ಕಾಳು ಕಡಿಮೆ. ಗೂಡು ನಿಧಾನವಾಗಿ ಮೇಲೇರಿತು. ನೆತ್ತಿಯ ತೂತನ್ನೂ ಅವನೇ ಹೆಣೆದು ಮುಚ್ಚಿದ.

ಒಂದು ದಿನ ನೋಡುತ್ತಾನೆ, ಗೂಡು ಮತ್ತೆ ತಗ್ಗಿದೆ! ಚೆಲುವಯ್ಯನ ಜೀವ ಬಾಯಿಗೆ ಬಂತು. ತಿಂದದ್ದೆಲ್ಲಿ, ಹಾರಿದ್ದೆಲ್ಲಿ, ತಪ್ಪಿದ್ದೆಲ್ಲಿ? ತಲೆ ಕೆರೆದುಕೊಳ್ಳುತ್ತ ಇನ್ನೊಂದು ಸುತ್ತು ಹಾರಲು ಹೊರಟ.

"ಎಲ್ಲಿಗೆ ಹೊರಟಿರಿ? ಈ ಭಾರ ನಿಮ್ಮದಲ್ಲ" ಎಂದು ಹೊನ್ನಮ್ಮ ನಕ್ಕು ಪಕ್ಕಕ್ಕೆ ಸರಿದಳು. ಗೂಡಿನೊಳಗೆ ಮೊಟ್ಟೆಯೊಡೆದು ಬಂದು ದಷ್ಟಪುಷ್ಟವಾಗಿ ಬೆಳೆದ ಮರಿಗಳು ಬಾಯಿ ತೆರೆದು ಕಾಯುತ್ತಿದ್ದವು.

ನೀತಿ: ದಣಿದೆನೆಂದು ಬಾಯಿ ಕೇಳಿದಷ್ಟು ತಿನ್ನಬಾರದು, ಹಟಕ್ಕೆ ಬಿದ್ದು ಉಪವಾಸವೂ ಕೆಡೆಯಬಾರದು, ಎಷ್ಟು ಬೇಕೆಂದು ನೆರೆಯವರನ್ನು ಕೇಳುವ ಮೊದಲು ನಮ್ಮ ಮೈ ಏನು ಹೇಳುತ್ತಿದೆಯೆಂದು ನೋಡಬೇಕು.